ಶಾರವ್ವ ಬದುಕಿದ್ದಾಗಲೇ ಗೋಡೆ ಏರಿದ್ದು

ಮಾಸೂರಿನ ಕಡೆ ಗೋಡೆಯ ಮೇಲೆ ಫೋಟೋ ಆಗಿ ಕೂರಬೇಕಾದರೆ ಒಂದೇ ಅರ್ಹತೆ ಬೇಕು, ಸತ್ತಿರಬೇಕು. ಬುದ್ಧ, ಬಾಬಾಸಾಹೇಬರ ಮಾತು ಬೇರೆ, ಅವರು ಈ ಲೆಕ್ಕದಿಂದ ಆಚೆಗಿನವರು. ಉಳಿದವರು ಬದುಕಿರುವ ತನಕ ಟ್ರಂಕಿನೊಳಗಿನ ಆಲ್ಬಮ್ಮಿನಲ್ಲಿರಬೇಕು, ಇಲ್ಲವೇ ಮಗನ ಮೊಬೈಲಿನಲ್ಲಿರಬೇಕು. ಉಸಿರು ನಿಂತ ಮೇಲೆ ಚೌಕಟ್ಟು, ಗಾಜು, ಮಾಲೆ ಎಲ್ಲ ತಾವಾಗಿಯೇ ಬರುತ್ತವೆ. ಇಂಥ ಊರಿನಲ್ಲಿ ಶಾರವ್ವ ಗಟ್ಟಿಮುಟ್ಟಾಗಿ ಓಡಾಡಿಕೊಂಡಿರುವಾಗಲೇ ಗೋಡೆ ಏರುತ್ತೇನೆಂದು ಹಟ ಹಿಡಿದರೆ ಮನೆಯಲ್ಲಿ ಏನಾಗಬೇಕೋ ಅದೇ ಆಯಿತು.

ಶಾರವ್ವ ನಾಟಿ ಹಚ್ಚುವ ಹೆಣ್ಣಾಳುಗಳ ಮುಂದಾಳು. ಮದಗದ ಕೆರೆಯ ನೀರು ಕಾಲುವೆಗೆ ಬಿಟ್ಟರೆಂದರೆ ಆಕೆಯ ಮನೆಯ ಮುಂದೆ ಹೊಲದ ಮಾಲೀಕರು ಬಂದು ನಿಲ್ಲುತ್ತಿದ್ದರು. ಸೀರೆ ಎತ್ತಿ ಕಟ್ಟಿ ಕೆಸರಿಗಿಳಿದರೆ ಈ ಬದುವಿನಲ್ಲಿ ಆಕೆ ಕೂಗಿದ್ದು ಆ ಬದುವಿನಲ್ಲಿ ಎಮ್ಮೆ ಮೇಯಿಸುವವನಿಗೂ ಕೇಳುತ್ತಿತ್ತು. ಮಾತು ಒರಟು, ನಗು ಅದಕ್ಕಿಂತ ಜೋರು. ಒಬ್ಬ ಮಗ ರವಿಕುಮಾರ, ಜೆಸಿಬಿ ಓಡಿಸುತ್ತಾನೆ. ಸೊಸೆ ವಿದ್ಯಾ ಅಂಗನವಾಡಿ ಟೀಚರು, ಅವರಿಗೆ ಇಬ್ಬರು ಮಕ್ಕಳು. ಗಂಡ ಚೌಡಪ್ಪ ಮಾತು ಕಡಿಮೆಯ ಮನುಷ್ಯ. ಮನೆಗೆ ಬೇಕಾದಷ್ಟು ಮಾತನ್ನು ಹೆಂಡತಿಯೇ ಆಡಿ ಮುಗಿಸುವಾಗ ಆತನ ಪಾಲಿಗೆ ಉಳಿಯುವುದಾದರೂ ಏನು?

ಇದೆಲ್ಲ ಶುರುವಾದದ್ದು ಶಿಗ್ಗಾವಿಯಲ್ಲಿ. ನಾದಿನಿಯ ಮೊಮ್ಮಗುವನ್ನು ತೊಟ್ಟಿಲಿಗೆ ಹಾಕುವ ಕಾರ್ಯಕ್ಕೆ ಹೋಗಿದ್ದ ಶಾರವ್ವ ಹೋಳಿಗೆಯ ತಟ್ಟೆ ಹಿಡಿದು ಕೂತಿದ್ದಾಳೆ, ಎದುರಿನ ಗೋಡೆಯ ಮೇಲೆ ನಾದಿನಿ ನಗುತ್ತಿದ್ದಾಳೆ. ಅದೇ ನಾದಿನಿ ಇತ್ತ ತುಪ್ಪದ ಗಿಂಡಿ ಹಿಡಿದು ಪಂಕ್ತಿಯಲ್ಲಿ ಬರುತ್ತಿದ್ದಾಳೆ. ಶಾರವ್ವ ಒಮ್ಮೆ ಗೋಡೆ ನೋಡಿದಳು, ಒಮ್ಮೆ ನಾದಿನಿಯನ್ನು ನೋಡಿದಳು. ಅಷ್ಟರಲ್ಲಿ ಗೋಡೆಯ ಮೇಲಿನ ನಾದಿನಿ ಹೋಗಿ ಮೊಮ್ಮಗು ಬಂತು, ಮೊಮ್ಮಗು ಹೋಗಿ ಅಳಿಯನ ಟ್ರ್ಯಾಕ್ಟರು ಬಂತು. ಡಿಜಿಟಲ್ ಫೋಟೋ ಫ್ರೇಮ್ ಅಂತೆ, ಎಷ್ಟು ಫೋಟೋ ತುಂಬಿದರೂ ಒಂದಾದ ಮೇಲೊಂದು ತೋರಿಸುತ್ತಲೇ ಇರುತ್ತದಂತೆ. ಶಾರವ್ವನ ಕೈಯೊಳಗಿನ ಹೋಳಿಗೆ ಕೈಯಲ್ಲೇ ಉಳಿಯಿತು.

ವಾಪಸು ಬಸ್ಸಿನಲ್ಲಿ ಕೂತ ಕೂಡಲೇ ಜೊತೆಗೆ ಬಂದಿದ್ದ ಸೊಸೆಗೆ ಹೇಳಿದಳು, "ವಿದ್ಯಾ, ನನಗ ಆ ಕರೆಂಟಿನ ಫೋಟೋ ಬೇಕವ್ವಾ. ಅದರಾಗ ನಾ ಬರಬೇಕು."

ಇದು ಬರೀ ಷೋಕಿಯಾಗಿರಲಿಲ್ಲ. ಹಿಂದಿನ ವರ್ಷ ಆಕೆಯ ಅಕ್ಕ ತೀರಿಕೊಂಡಾಗ ಗೋಡೆಗೆ ಹಾಕಲು ಮನೆಯಲ್ಲಿ ಒಂದು ಫೋಟೋ ಸಿಗಲಿಲ್ಲ. ಕೊನೆಗೆ ಆಧಾರ್ ಕಾರ್ಡಿನ ಮುಖವನ್ನೇ ದೊಡ್ಡದು ಮಾಡಿಸಿ ಕಟ್ಟು ಹಾಕಿಸಿದರು. ಇಡೀ ಓಣಿಯನ್ನು ನಗಿಸುತ್ತಿದ್ದ ಅಕ್ಕ ಈಗ ಪೊಲೀಸರನ್ನು ಕಂಡವಳ ಹಾಗೆ ಕಣ್ಣು ಬಿಟ್ಟುಕೊಂಡು ಗೋಡೆಯ ಮೇಲೆ ಕೂತಿದ್ದಾಳೆ. ಅದನ್ನು ನೋಡಿದಾಗಲೆಲ್ಲ ಶಾರವ್ವ ಮುಖ ತಿರುಗಿಸುತ್ತಿದ್ದಳು. ತನ್ನ ಗತಿಯೂ ಇದೇ ಎಂಬುದು ಆಕೆಗೆ ಗೊತ್ತಿತ್ತು. ನಗುವ ಮುಖವನ್ನು ತಾನೇ ಆರಿಸಬೇಕು, ತಾನೇ ಕಣ್ಣಾರೆ ನೋಡಬೇಕು, ಇಷ್ಟೇ ಆಕೆಯ ಆಸೆ.

ಚೌಡಪ್ಪ ಸುದ್ದಿ ಕೇಳಿ ಕಂಬಳಿ ಕೊಡವುತ್ತಿದ್ದವ ಹಾಗೇ ನಿಂತ.

"ಬಿಡ್ತು ಅನ್ನು! ಜೀವ ಇದ್ದವರು ಗ್ವಾಡಿ ಏರ್ತಾರೇನು? ಇದೇನ್ ಅಪಶಕುನ ಹಚ್ಚೀದಿ?"

"ಸತ್ತ ಮ್ಯಾಲ ಏರಿ ಏನ್ ಮಾಡ್ಲಿರಿ? ಕಣ್ಣು ಮುಚ್ಚಿದ ಮ್ಯಾಲ ನನ್ನ ಮುಖ ನನಗ ಕಾಣಸ್ತೈತೇನು?"

"ನನಗ ಅದೆಲ್ಲಾ ತಿಳಿಯೂದಿಲ್ಲ. ಬ್ಯಾಡ ಅಂದ್ರ ಬ್ಯಾಡ."

ಬೇಡವೆಂದರೆ ಬಿಡುವವಳಾಗಿದ್ದರೆ ಆಕೆ ಶಾರವ್ವ ಏಕಾಗುತ್ತಿದ್ದಳು? ಮರುದಿನವೇ ಮಗನ ಬೈಕು ಏರಿ ಹಿರೇಕೆರೂರಿಗೆ ಹೋದಳು. ಅಂಗಡಿಯವನ ಮುಂದೆ ನಿಂತು "ಕರೆಂಟಿನ ಫೋಟೋ ತೋರಸ್ರಿ" ಎಂದಳು. ಆತ ಬಹಳ ಭಕ್ತಿಯಿಂದ ಲಕ್ಷ್ಮಿಯ ಪಟವೊಂದನ್ನು ತಂದಿಟ್ಟು ಸ್ವಿಚ್ ಹಾಕಿದ. ಲಕ್ಷ್ಮಿಯ ತಲೆಯ ಸುತ್ತ ಕೆಂಪು ಹಸಿರು ದೀಪ ಗಿರಗಿರ ತಿರುಗಿದವು. "ಇದು ಲಕ್ಷ್ಮವ್ವಂದಾತು, ಶಾರವ್ವಂದು ಎಲ್ಲೈತಿ?" ಎಂದು ಕೇಳಿದಳು. ಅಂಗಡಿಯವ ತಬ್ಬಿಬ್ಬಾದ, ರವಿಕುಮಾರ ನಗು ತಡೆಯಲಾರದೆ ಹೊರಗೆ ಬಂದು ನಿಂತ.

ಹಾನಗಲ್ಲಿನ ಅಂಗಡಿಗೆ ವಿದ್ಯಾ ಫೋನು ಮಾಡಿದಳು. ಅಲ್ಲಿಯೂ ಇರಲಿಲ್ಲ, ಬೇಕಾದರೆ ಆನ್‌ಲೈನಿನಲ್ಲಿ ತರಿಸಿಕೊಡುತ್ತೇವೆಂದರು. ಶಾರವ್ವ ಕೈ ಆಡಿಸಿಬಿಟ್ಟಳು. "ಹಲ್ಲು ನೋಡದ ಎಮ್ಮಿ ತರ್ತಾರೇನು? ನಾ ಕಣ್ಣಿಲೆ ನೋಡಿ ತರಾಕಿ." ಕೊನೆಗೆ ಸವಣೂರಿನಲ್ಲಿ ಇಮ್ರಾನ ಎಂಬುವನ ಮೊಬೈಲ್ ಅಂಗಡಿಯಲ್ಲಿ ನಾಲ್ಕಾರು ನಮೂನೆಯವು ಬಂದಿವೆ ಎಂದು ಗೊತ್ತಾಯಿತು.

ಸವಣೂರಿಗೆ ಹೊರಡುವ ಬೆಳಿಗ್ಗೆ ಶಾರವ್ವ ಇಳಕಲ್ ಸೀರೆ ಉಟ್ಟು, ತಲೆಗೆ ಎಣ್ಣೆ ಹಚ್ಚಿ, ಮದುವೆಗೆ ಹೊರಟವಳ ಹಾಗೆ ಬಾಗಿಲಲ್ಲಿ ನಿಂತಿದ್ದಳು. ಸೊಸೆಯ ಮೊಬೈಲಿನೊಳಗಿನ ಫೋಟೋ ಕಾರ್ಡು ಇದೆಯೋ ಇಲ್ಲವೋ ಎಂದು ಮತ್ತೆ ಮತ್ತೆ ಕೇಳಿದಳು. "ನಾ ಅಂತೂ ಬರಾಂವಲ್ಲ" ಎಂದು ರಾತ್ರಿಯೆಲ್ಲ ಹೇಳಿದ್ದ ಚೌಡಪ್ಪ ಇವರಿಗಿಂತ ಮುಂಚೆ ಬಸ್ ನಿಲ್ದಾಣದಲ್ಲಿ ಹಾಜರಿದ್ದ. "ಚೀಲ ಹಿಡಿಯಾಕ ಯಾರರೆ ಬೇಕಲ್ಲ" ಎಂದು ಬೇರೆ ಕಡೆ ನೋಡುತ್ತ ಹೇಳಿದ. ಚೀಲವೇ ಇರಲಿಲ್ಲ.

"ಬರ್ರಿ ಅವ್ವಾರ, ಕುಂತ್ಕೋರಿ" ಎಂದು ಇಮ್ರಾನ ಸ್ಟೂಲು ಸರಿಸಿದ. ಶಾರವ್ವ ಕೂರಲಿಲ್ಲ. ಮೊದಲು ಎಲ್ಲ ಫ್ರೇಮುಗಳ ಬೆನ್ನು ನೋಡಿದಳು, ಮೊಳೆಗೆ ಸಿಗಿಸುವ ತೂತಿಲ್ಲದ ಒಂದನ್ನು ಆಚೆ ಸರಿಸಿದಳು. ಇಮ್ರಾನ ಚಿಕ್ಕ ಫ್ರೇಮೊಂದಕ್ಕೆ ವಿದ್ಯಾಳ ಕಾರ್ಡು ಹಾಕಿದ. ನಾಟಿಯ ದಿನ ವಿದ್ಯಾ ತೆಗೆದಿದ್ದ ಫೋಟೋ ಬಂತು. ಮೊಣಕಾಲಿನವರೆಗೆ ಕೆಸರು, ಕೈಯಲ್ಲಿ ಸಸಿಯ ಕಟ್ಟು, ಎಲೆ ಅಡಿಕೆಯ ಕೆಂಪು ಬಾಯಿ ತೆರೆದು ಶಾರವ್ವ ನಗುತ್ತಿದ್ದಳು. ಆಕೆಗೆ ಆಗಲೇ ಅದನ್ನು ಕಟ್ಟಿಸಿಬಿಡಬೇಕೆನಿಸಿತು. ಆದರೂ ಬುದ್ಧಿ ಕೈಬಿಡಲಿಲ್ಲ. ಇದ್ದಲ್ಲಿಯೇ ಅಂಗಡಿಯ ನೆಲದ ಮೇಲೆ ಕಾಲು ಮಡಚಿ ಕೂತುಬಿಟ್ಟಳು.

"ಅತ್ತೀ, ಏಳ್ರಿ, ಮಂದಿ ನೋಡಾಕತ್ತಾರ!"

"ನೋಡ್ಲಿ ಬಿಡು. ಮನ್ಯಾಗ ನಾವು ಕುರ್ಚಿ ಮ್ಯಾಲ ಕುಂದ್ರತೇವೇನು? ಇಲ್ಲಿಂದ ಹೆಂಗ ಕಾಣ್ತೈತಿ ನೋಡೂಣಂತ."

ಕೆಳಗಿನಿಂದ ನೋಡಿದರೆ ಮುಖ ಮಸಿ ಬಳಿದಂತೆ ಕಪ್ಪಾಗಿತ್ತು, ಹಲ್ಲು ಮಾತ್ರ ಉಳಿದಿತ್ತು. "ಯಪ್ಪಾ, ನಾ ಮೊದಲ ಕರಿ, ಇದು ನನ್ನ ಸುಟ್ಟ ರೊಟ್ಟಿ ಮಾಡ್ತಲ್ಲ!" ಎಂದಳು. ಇಮ್ರಾನ ಕೌಂಟರು ದಾಟಿ ಬಂದು ತಾನೂ ಪಕ್ಕದಲ್ಲಿ ಕೂತು ನೋಡಿದ. "ಖರೇನ ಹೌದ್ರಿ, ಅವ್ವಾರ. ನಾ ಒಮ್ಮೆರೆ ಕೆಳಗ ಕುಂತು ನೋಡಿದ್ದಿಲ್ಲ" ಎಂದು ನಕ್ಕ.

ಎರಡನೆಯದು ದೊಡ್ಡದು, ದೌಲತ್ತಿನದು. ಇಂಟರ್ನೆಟ್ ಇದ್ದರೆ ಎಲ್ಲಿಂದ ಬೇಕಾದರೂ ಫೋಟೋ ಕಳಿಸಬಹುದು, ಎದುರಿಗೆ ಯಾರೂ ಇಲ್ಲದಿದ್ದರೆ ತಾನೇ ಆರಿ ಕರೆಂಟು ಉಳಿಸುತ್ತದೆ ಎಂದು ಇಮ್ರಾನ ವರ್ಣಿಸಿದ. ಅದರ ಮುಂದೆ ಚೌಡಪ್ಪನನ್ನು ಕೂರಿಸಿದರು. ಆತನೋ ಕೂತರೆ ಕಲ್ಲು. ಸ್ವಲ್ಪ ಹೊತ್ತಿಗೆ ಫ್ರೇಮು ಪಟ್ಟನೆ ಆರಿತು. ಚೌಡಪ್ಪ ಗಾಬರಿಯಾಗಿ ಎದ್ದ, ಫ್ರೇಮು ಮತ್ತೆ ಹೊತ್ತಿಕೊಂಡಿತು.

"ಇದು ಬ್ಯಾಡಪ್ಪಾ" ಎಂದಳು ಶಾರವ್ವ. "ಇವರು ಸುಮ್ಮನ ಕುಂತ್ರ ಇವರ ಇಲ್ಲ ಅಂತೈತಿ. ಮನೀ ಯಜಮಾನನ್ನ ಲೆಕ್ಕಕ್ಕ ಹಿಡಿಯದ್ದು ನಮಗ್ಯಾಕ?"

ಮೂರನೆಯದು ಮಧ್ಯಮ ಅಳತೆಯದು, ಅಡ್ಡಕ್ಕೆ ಅಗಲ. ಇಂಟರ್ನೆಟ್ಟಿನ ಗೊಡವೆ ಇಲ್ಲ, ಕಾರ್ಡು ಹಾಕಿದರೆ ಸಾಕು. ನೆಲದಿಂದ ನೋಡಿದರೂ, ಬಾಗಿಲ ಮೂಲೆಯಿಂದ ನೋಡಿದರೂ ಮುಖ ಮುಖವಾಗಿಯೇ ಇತ್ತು. ಶಾರವ್ವ ಅದರ ಹತ್ತಿರಕ್ಕೆ ಸರಿದು ಕೂತಳು. ಹಣೆಯ ಗೆರೆ, ಕಿವಿಯ ಬುಗುಡಿ, ಗಲ್ಲಕ್ಕೆ ಸಿಡಿದ ಕೆಸರಿನ ಚುಕ್ಕೆ, ಎಲ್ಲ ಕಂಡಿತು. ತಾನು ಇಷ್ಟು ಚಂದ ನಗುತ್ತೇನೆಂದು ಇಷ್ಟು ದಿನ ಯಾರೂ ಹೇಳಿರಲಿಲ್ಲವಲ್ಲ ಎನಿಸಿ ಕಣ್ಣು ತುಂಬಿದವು. ಸಂತೋಷಕ್ಕೆ ಅಂಗಡಿಯಲ್ಲೇ ಸೊಸೆಯ ಗಲ್ಲ ಹಿಂಡಿದಳು. "ಇದ, ಇದನ್ನ ಕಟ್ಟಪ್ಪಾ ಇಮ್ರಾನ!"

ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿದ ಹಾಗೆ, ಫ್ರೇಮು ಮನೆ ಮುಟ್ಟುವ ಮೊದಲೇ ಓಣಿಗೆಲ್ಲ ಸುದ್ದಿ ಮುಟ್ಟಿತ್ತು. ನಾಟಿಯ ಹೆಂಗಸರು ಬಂದು ಪಡಸಾಲೆಯಲ್ಲಿ ಸೇರಿದರು. ವಿದ್ಯಾ ಮನೆಯ ಹಳೆಯ ಫೋಟೋಗಳನ್ನೆಲ್ಲ ಮೊಬೈಲಿನಲ್ಲಿ ಹೊಡೆದುಕೊಂಡು ಕಾರ್ಡಿಗೆ ತುಂಬಿದಳು, ಗೋಡೆಯ ಮೇಲಿದ್ದ ಚೌಡಪ್ಪನ ಅಪ್ಪನ ಫೋಟೋವನ್ನೂ ಮಾಲೆ ಸಮೇತ. ಒಂದು ಹೋಗಿ ಇನ್ನೊಂದು ಬರುವಾಗ ಒಂದರೊಳಗೊಂದು ಕರಗಿ ಬರುವ ಹಾಗೆ ಮಾಡಿದಳು, ನೋಡಲು ಚಂದವೆಂದು. ಸ್ವಿಚ್ ಹಾಕಿದಳು. ಮೊಮ್ಮಕ್ಕಳು ಬಂದರು, ಎಮ್ಮೆ ಬಂತು, ಶಾರವ್ವನ ಮಾವ ಬಂದ. ಆಮೇಲೆ ಮಾವ ಮೆಲ್ಲಗೆ ಮಾಸತೊಡಗಿದ, ಅದೇ ಜಾಗದಲ್ಲಿ ಶಾರವ್ವನ ನಗು ಮೂಡತೊಡಗಿತು. ಮುಖ ಮಾವನದು ಹೋಯಿತು, ಕೊರಳ ಮಾಲೆ ಇನ್ನೂ ಹೋಗಿರಲಿಲ್ಲ. ರೆಪ್ಪೆ ಬಡಿಯುವಷ್ಟು ಹೊತ್ತು, ಸತ್ತವನ ಮಾಲೆ ಶಾರವ್ವನ ಕೊರಳಲ್ಲಿತ್ತು.

ಕೂತಿದ್ದ ಹೆಂಗಸರು ಒಟ್ಟಿಗೆ "ಯವ್ವಾ!" ಎಂದರು. ಚೌಡಪ್ಪ ಎದ್ದು ಬಂದು ವೈರು ಹಿಡಿದು ಕಿತ್ತ. ಯಾರ ಮುಖವನ್ನೂ ನೋಡದೆ ಫ್ರೇಮನ್ನು ಡಬ್ಬಿಯೊಳಗೆ ಹಾಕಿ, ಡಬ್ಬಿಯನ್ನು ಅಟ್ಟದ ಮೇಲೆ ಇಟ್ಟ.

"ಮಾವಾರ, ಅದು ಮಷೀನಿನ ಆಟರಿ, ಬದಲಿ ಮಾಡ್ತೇನಿ" ಎಂದು ವಿದ್ಯಾ ಹೇಳಿದ್ದು ಗಾಳಿಗೆ ಹೋಯಿತು.

ಶಾರವ್ವ ಸಿಟ್ಟಿಗೆ ಮಾತು ಬಿಟ್ಟಳು. ಆಕೆ ಮಾತು ಬಿಟ್ಟರೆ ಮನೆ ಹೇಗಿರುತ್ತದೆಂದು ಆ ಮನೆಯವರಿಗೆ ಮೊದಲ ಸಲ ಗೊತ್ತಾಯಿತು. ಕೆಸರಿನಲ್ಲಿ ಸುಮ್ಮನೆ ಬಗ್ಗಿ ಸುಮ್ಮನೆ ಏಳುವ ಮುಂದಾಳನ್ನು ನೋಡಿ ಹೆಣ್ಣಾಳುಗಳು ಜ್ವರ ಬಂದಿದೆಯೇನೋ ಎಂದು ಹಣೆ ಮುಟ್ಟಿ ನೋಡಿದರು.

ಅಮಾವಾಸ್ಯೆ ಕಳೆದ ಮಾರನೆಯ ದಿನ ಚೌಡಪ್ಪ ತಾನೇ ಬಂದು ಒಲೆಯ ಹತ್ತಿರ ಕುಕ್ಕರಗಾಲಿನಲ್ಲಿ ಕೂತ.

"ಅಮಾಸಿ ಹ್ವಾತು, ನಿನಗೇನೂ ಆಗ್ಲಿಲ್ಲ" ಎಂದ.

ಶಾರವ್ವ ಒಲೆಗೆ ಇನ್ನೊಂದು ಕಟ್ಟಿಗೆ ನೂಕಿದಳು.

"ನಿನ್ನ ಕೊಳ್ಳಾಗ ಅಪ್ಪನ ಮಾಲಿ ನೋಡಿದೆ ನೋಡು, ನನ್ನ ಜೀವ ಝಲ್ ಅಂತು. ನೀ ಮುಂದ ಹೋದ್ರ ನನ್ನ ಗತಿ ಏನು? ನನಗ ಒಂದು ಮಾತೂ ಆಡಾಕ ಬರೂದಿಲ್ಲ. ಇಷ್ಟು ವರ್ಷ ಎಲ್ಲಾ ನೀನ ಆಡಿದಿ."

ಶಾರವ್ವನ ಸಿಟ್ಟು ಅಲ್ಲಿಯೇ ಇಳಿದುಹೋಯಿತು. ಈ ಮನುಷ್ಯ ಹಟ ಮಾಡುತ್ತಿಲ್ಲ, ಹೆದರಿದ್ದಾನೆ ಎಂದು ಆಗ ತಿಳಿಯಿತು. ಇಷ್ಟು ದೊಡ್ಡ ಹೆದರಿಕೆ ತನಗಾಗಿ ಎಂದು ತಿಳಿದು ಒಳಗೊಳಗೇ ಖುಷಿಯೂ ಆಯಿತು, ಸುಳ್ಳೇಕೆ ಹೇಳಬೇಕು.

"ಹಂಗಾರ ಹಿಂಗ ಮಾಡೂಣ್ರಿ" ಎಂದಳು. "ಮಾವಾರು ತಮ್ಮ ಗ್ವಾಡಿ ಮ್ಯಾಲ ಇರ್ಲಿ, ಅವರ ಮಾಲಿ ಅವರಿಗಿರ್ಲಿ. ಮಷೀನಿನಾಗ ಉಸಿರಾಡೂ ಮಂದಿ ಅಷ್ಟ. ಕರಗೂ ಆಟ ಬ್ಯಾಡ, ಒಂದು ಪೂರಾ ಹೋಗಿ ಇನ್ನೊಂದು ಬರ್ಲಿ. ಮತ್ತ ಸತ್ತವರನ್ನ ಮ್ಯಾಲ ಕತ್ತೆತ್ತಿ ನೋಡ್ತೇವಿ, ನನ್ನ ಅಷ್ಟು ಮ್ಯಾಲ ಹಾಕಬ್ಯಾಡ್ರಿ. ಕೆಳಗ ಕುಂತವರ ಕಣ್ಣಿಗೆ ಸಮ ಹಾಕ್ರಿ."

ಚೌಡಪ್ಪ ಎದ್ದು ಹೋಗಿ ಸುತ್ತಿಗೆ ತಂದ. ಅಪ್ಪನ ಫೋಟೋಗೆ ಎದುರಿನ ಗೋಡೆಯ ಹತ್ತಿರ ಕೂತು, ತನ್ನ ಕಣ್ಣಿನ ಅಳತೆಗೆ ಬೆರಳಿಟ್ಟು ನೋಡಿ, ಅಲ್ಲಿಗೆ ತಾನೇ ಮೊಳೆ ಹೊಡೆದ. ಶಾರವ್ವ ಗೋಡೆ ಏರಿದಳು. ಅವತ್ತು ಆಕೆ ಕೂಗಿದ ಕೂಗಿಗೆ ಹಿತ್ತಲಲ್ಲಿದ್ದ ಕೋಳಿಗಳು ಬೇಲಿ ಹಾರಿದವು. ಓಣಿಯವರಿಗೆಲ್ಲ ಸಕ್ಕರೆ ಹಂಚಿದಳು. ಬಂದವರನ್ನೆಲ್ಲ ನೆಲಕ್ಕೆ ಕೂರಿಸಿ "ನೋಡ್ರಿ, ನೋಡ್ರಿ, ಈಗ ಬರ್ತೇನಿ" ಎಂದು ತನ್ನ ಸರದಿ ಬರುವ ತನಕ ಎದ್ದು ಹೋಗಲು ಬಿಡುತ್ತಿರಲಿಲ್ಲ.

ಈಗ ಬೆಳಿಗ್ಗೆ ಚಹಾದ ಹೊತ್ತಿಗೆ ಚೌಡಪ್ಪ ಫ್ರೇಮಿನ ಎದುರು ಕೂತಿರುತ್ತಾನೆ. ಶಾರವ್ವನ ನಗು ಬರುತ್ತದೆ, ಆತ ಬಸಿಯನ್ನು ಬಾಯಿಯಿಂದ ಇಳಿಸಿ ನೋಡುತ್ತಾನೆ. ನಗು ಪೂರಾ ಹೋಗಿ, ರವಿಕುಮಾರ ಬರುವ ಮೊದಲು ಗಾಜು ಒಂದು ಕ್ಷಣ ಕಪ್ಪಾಗುತ್ತದೆ. ಆಗ ಆತನಿಗೆ ತಡೆಯಲಾಗುವುದಿಲ್ಲ. ಮದುವೆಯಾದಾಗಿನಿಂದ "ಏಯ್" ಎನ್ನುವುದು ಬಿಟ್ಟು ಬೇರೆ ಹೆಸರು ಹಿಡಿಯದ ಗಂಡಸು ಅಡುಗೆಮನೆಯ ಕಡೆ ಕೂಗುತ್ತಾನೆ.

"ಶಾರೀ!"

"ಇಲ್ಲೇ ಅದೀನ್ರೀ" ಎಂದು ರೊಟ್ಟಿ ಬಡಿಯುತ್ತಲೇ ಆಕೆ ಹೇಳುತ್ತಾಳೆ.

ಒಂದು ದಿನ ಚೇಷ್ಟೆ ಮಾಡಬೇಕೆನಿಸಿ ಶಾರವ್ವ ಓಗೊಡಲಿಲ್ಲ. ಎರಡನೆಯ ಸಲ ಕೂಗಿದರೂ ಸೆರಗು ಬಾಯಿಗೆ ಒತ್ತಿ ನಗುತ್ತ ಕೂತಳು. ಬಸಿ ನೆಲಕ್ಕೆ ಬಿದ್ದ ಸಪ್ಪಳವಾಯಿತು. ಚೌಡಪ್ಪ ಬಾಗಿಲಲ್ಲಿ ಬಂದು ನಿಂತ, ಬರಿಗಾಲಿನ ಮೇಲೆಲ್ಲ ಚಹಾ ಚೆಲ್ಲಿತ್ತು. ಒಲೆಯ ಮುಂದೆ ಕೂತ ಹೆಂಡತಿಯನ್ನು ನೋಡಿದ, ಬಾಗಿಲ ಚೌಕಟ್ಟನ್ನು ಹಿಡಿದುಕೊಂಡ.

"ನೀರು ಬೇಕಾಗಿತ್ತು" ಎಂದ.

ಶಾರವ್ವ ಎದ್ದು ತಂಬಿಗೆ ತುಂಬಿ ಕೊಟ್ಟಳು. ಆವತ್ತಿನಿಂದ ಕೈಯಲ್ಲಿ ಯಾವ ಕೆಲಸವಿದ್ದರೂ, ಆತನ ಮೊದಲ ಕೂಗಿಗೇ ಓಗೊಡುತ್ತಾಳೆ.