ಬಂಡೆ ಹತ್ತಿದ ನಮ್ಮತ್ತೆ

ಅದು 2004ನೇ ಇಸವಿ. ಮದುವೆಯಾಗಿ ಚೆನ್ನೈಗೆ ಬಂದು ವರ್ಷವಾಗಿತ್ತು. ನನಗೆ ಅಂಬತ್ತೂರಿನ ಕಾರ್ಖಾನೆಯೊಂದರ ಡ್ರಾಯಿಂಗ್ ವಿಭಾಗದಲ್ಲಿ ಕೆಲಸ. ಪಕ್ಕದ ಮೇಜಿನ ಕಯಲ್ ನನ್ನ ಗೆಳತಿ. ಭಾನುವಾರ ಬಂತೆಂದರೆ ಅವಳಿಗೊಂದು ಹೊಸ ಹುಚ್ಚು. ಈಜು ಕಲಿಯಲು ಹೋಗಿ ಇಬ್ಬರೂ ಮೂಗಿನ ತುಂಬ ನೀರು ಕುಡಿದೆವು. ಮಡಕೆ ಮಾಡಲು ಹೋಗಿ ತಟ್ಟೆಯೂ ಅಲ್ಲದ, ಬಟ್ಟಲೂ ಅಲ್ಲದ ಏನನ್ನೋ ಮಾಡಿಕೊಂಡು ಬಂದೆವು. ಕೊನೆಗೆ ನಮ್ಮನ್ನು ಹಿಡಿದು ನಿಲ್ಲಿಸಿದ್ದು ಬಂಡೆ ಹತ್ತುವ ಆಟ. ಬೆಳಗಿನ ಬಸ್ಸು ಹಿಡಿದು ಚೆಂಗಲ್ಪಟ್ಟು ಕಡೆಯ ಒಂದು ಕಲ್ಲುಗುಡ್ಡಕ್ಕೆ ಹೋಗುತ್ತಿದ್ದೆವು. ಅಲ್ಲಿ ಮಣಿ ಅಣ್ಣ ಎನ್ನುವವರು ಸೊಂಟಕ್ಕೆ ಹಗ್ಗ ಕಟ್ಟಿ ಹತ್ತಲು ಕಲಿಸುತ್ತಿದ್ದರು.

ಅಷ್ಟರಲ್ಲಿ ಚನ್ನರಾಯಪಟ್ಟಣದಿಂದ ಅತ್ತೆ ಬಂದರು. ಒಂದು ತಿಂಗಳು ಇರುತ್ತಾರೆ ಅಂದಾಗ ನನಗೆ ದಿಗಿಲಾಯಿತು. ಹೊಸ ಸೊಸೆ ಪ್ಯಾಂಟು ಹಾಕಿಕೊಂಡು ಬಂಡೆ ಹತ್ತುತ್ತಾಳೆ ಅಂತ ಹೇಗೆ ಹೇಳುವುದು? "ಭಾನುವಾರವೂ ಆಫೀಸಿದೆ" ಎಂದು ಸುಳ್ಳು ಹೇಳಿ ಹೊರಟೆ. ನಮ್ಮೆಜಮಾನರು ಪೇಪರಿನ ಹಿಂದೆ ಮುಖ ಮರೆಸಿಕೊಂಡರು.

ಸಂಜೆ ಕಾಲು ತೊಳೆಯುವಾಗ ಅತ್ತೆ ನನ್ನ ತರಚಿದ ಮಂಡಿ ನೋಡಿಬಿಟ್ಟರು.

"ಆಫೀಸಲ್ಲಿ ಮಂಡಿ ಊರಿಸಿ ಕೆಲಸ ಮಾಡಿಸ್ತಾರೇನಮ್ಮ?"

ತಲೆ ತಗ್ಗಿಸಿ ಎಲ್ಲವನ್ನೂ ಹೇಳಿದೆ. ಅವರು ಒಂದು ಮಾತೂ ಆಡಲಿಲ್ಲ. ಇಡೀ ವಾರ ಆ ಮೌನ ನನ್ನನ್ನು ತಿಂದುಹಾಕಿತು. ಮುಂದಿನ ಭಾನುವಾರ ಎದ್ದು ನೋಡಿದರೆ ಅತ್ತೆ ಚಿತ್ರಾನ್ನದ ಡಬ್ಬಿ ಕಟ್ಟಿಕೊಂಡು, ಚಪ್ಪಲಿ ಮೆಟ್ಟಿ ನಿಂತಿದ್ದಾರೆ! "ನಡಿ, ನಾನೂ ಬರ್ತೀನಿ. ಅದೇನು ಹತ್ತುತ್ತೀಯೋ ನೋಡ್ತೀನಿ."

ಅವರು ಕೆಳಗೆ ನಿಂತು ನೋಡುತ್ತಿದ್ದಾರೆಂಬ ಭಯಕ್ಕೋ ಏನೋ, ಅರ್ಧ ಬಂಡೆಗೆ ನನ್ನ ಕಾಲು ಹೊಲಿಗೆ ಮೆಷಿನ್ನಿನ ಹಾಗೆ ನಡುಗತೊಡಗಿತು. ಮೇಲಕ್ಕೂ ಇಲ್ಲ, ಕೆಳಕ್ಕೂ ಇಲ್ಲ. ಕಣ್ಣಲ್ಲಿ ನೀರು ತುಂಬಿತು. ಮಣಿ ಅಣ್ಣ ತಮಿಳಿನಲ್ಲಿ ಏನೇನೋ ಕೂಗುತ್ತಿದ್ದರು, ಒಂದೂ ತಲೆಗೆ ಹೋಗಲಿಲ್ಲ. ಆಗ ಕೇಳಿಸಿತು ಅತ್ತೆಯ ದನಿ.

"ಅಳಬೇಡ! ಎಡಗಾಲ ಹತ್ರ ಒಂದು ಬಿರುಕಿದೆ. ಅದರೊಳಗೆ ಹೆಬ್ಬೆರಳು ತೂರಿಸು. ಹಾಂ... ಈಗ ಮೇಲೇಳು!"

ಅವರು ಹೇಳಿದಂತೆ ಕಾಲಿಟ್ಟೆ. ತುದಿ ಮುಟ್ಟಿದೆ.

ಇಳಿದು ಬಂದಾಗ ಅತ್ತೆ ಆಗಲೇ ಮಣಿ ಅಣ್ಣನ ಎದುರು ನಿಂತಿದ್ದರು. ಹರಕು ಮುರುಕು ತಮಿಳಲ್ಲಿ, "ಎನಕ್ಕು ಕಟ್ಟುಪ್ಪಾ" ಅಂದರು. ನನಗೂ ಕಟ್ಟಪ್ಪ ಅಂತ!

ನಾನು ಬೇಡ ಬೇಡ ಅಂದೆ. ಅವರು ಕೇಳಬೇಕಲ್ಲ? ಕಯಲ್ ತನ್ನ ಇನ್ನೊಂದು ಟ್ರ್ಯಾಕ್ ಪ್ಯಾಂಟ್ ಕೊಟ್ಟಳು. ಅದರ ಮೇಲೆ ಸೀರೆ ಎತ್ತಿ ಕಟ್ಟಿ, ಬರಿಗಾಲಲ್ಲೇ ಐವತ್ತಾರು ವರ್ಷದ ನಮ್ಮತ್ತೆ ಬಂಡೆಗೆ ಕೈ ಹಚ್ಚಿದರು. ಎರಡಾಳೆತ್ತರ ಹತ್ತಿದರು. ಅಲ್ಲಿ ಕೈ ಜಾರಿತು! ಮಣಿ ಅಣ್ಣ ಹಗ್ಗ ಬಿಗಿ ಹಿಡಿದಿದ್ದರಿಂದ ಅತ್ತೆ ಗಾಳಿಯಲ್ಲಿ ಜೋತಾಡಿದರು. ಅಯ್ಯೋ ಎಂದು ನಾನು ಓಡಿದರೆ, ಅವರು ಅಲ್ಲೇ ತೂಗಾಡುತ್ತ ನಗುತ್ತಿದ್ದರು. ಚಿಕ್ಕ ಹುಡುಗಿಯಂತೆ, ಬಾಯಿ ತುಂಬ. ಅವರು ಹಾಗೆ ನಕ್ಕಿದ್ದನ್ನು ನಾನು ನೋಡಿದ್ದು ಅದೇ ಮೊದಲು.

ಚಿತ್ರಾನ್ನ ತಿನ್ನುವಾಗ ಅವರು ಹೇಳಿದರು: "ಹದಿಮೂರು ವರ್ಷದಲ್ಲಿ ಹುಣಸೆಮರ ಹತ್ತಿದ್ದಕ್ಕೆ ನಮ್ಮಪ್ಪ ಬಾಸುಂಡೆ ಬರೋ ಹಾಗೆ ಹೊಡೆದಿದ್ರು ಕಣಮ್ಮ. ಆಮೇಲೆ ಯಾವುದನ್ನೂ ಹತ್ತಿರಲಿಲ್ಲ."

ಅವರು ಬೇಡ ಅಂತಾರೆಂದು ನಾನೇ ತೀರ್ಮಾನಿಸಿಬಿಟ್ಟಿದ್ದೆ. ಒಂದು ಸಲವೂ ಕೇಳಿರಲಿಲ್ಲ.

ಈಗ ಅತ್ತೆಗೆ ಮಂಡಿನೋವು, ಮೆಟ್ಟಿಲು ಹತ್ತುವುದೂ ಕಷ್ಟ. ಆದರೂ ಪ್ರಯಾಣದಲ್ಲಿ ಎಲ್ಲಾದರೂ ದೊಡ್ಡ ಬಂಡೆ ಕಂಡರೆ ಮೊಣಕೈಯಿಂದ ನನ್ನನ್ನು ತಿವಿದು, "ಇದನ್ನ ಎಲ್ಲಿಂದ ಶುರು ಮಾಡಬೇಕು, ಹೇಳು ನೋಡೋಣ?" ಎನ್ನುತ್ತಾರೆ. ಇಬ್ಬರೂ ಕಿಟಕಿಗೆ ಮುಖವಿಟ್ಟು ಬಿರುಕು ಹುಡುಕುತ್ತೇವೆ.