ಚೂರಿ ಬಂಗಡೆಯಲ್ಲ

ಸೀಮೆಸುಣ್ಣ ಕೈಜಾರಿದರೂ ವಿಠೋಬ ಮಾಸ್ತರು ಎರಡೂ ಕೈ ಮೇಲೆತ್ತಿ ಒಂದು ಹೆಜ್ಜೆ ಹಿಂದೆ ಸರಿಯುತ್ತಿದ್ದರು, ಪೊಲೀಸರಿಗೆ ಸಿಕ್ಕಿಬಿದ್ದ ಕಳ್ಳನ ಹಾಗೆ. ಮದುವೆಯೂಟದಲ್ಲಿ ಹಪ್ಪಳ ಜಾರಿದಾಗಲೂ ಹಾಗೇ ಮಾಡಿ, ಪಕ್ಕದವರ ಸಾರು ಚೆಲ್ಲಿದ್ದನ್ನು ನಾನೇ ಕಂಡಿದ್ದೇನೆ.

ಅಂಕೋಲೆಯಲ್ಲಿ ನನ್ನ ಮಗ ಸಮರ್ಥನ ಶಾಲೆಗೆ ಅವರೇ ಸ್ಕೌಟ್ ಮಾಸ್ತರು. ಗೂಟ ಕೆತ್ತಲು ಚೂರಿ ಕೊಡುವ ಮೊದಲು ತಿಂಗಳುಗಟ್ಟಲೆ ಮಕ್ಕಳ ಕೈಗೆ ಬರೀ ಮರದ ಫುಟ್‌ಪಟ್ಟಿ. ಅದನ್ನು ಬೇಕೆಂದೇ ಬೀಳಿಸಬೇಕು. ಬೀಳುವಾಗ ಕೈ ಮೇಲೆ, ಕಾಲು ಹಿಂದೆ. "ಬೀಳ್ಲಿ ಬಿಡು, ನೆಲಕ್ಕೆ ರಕ್ತ ಬರೂದಿಲ್ಲ" ಎನ್ನುತ್ತಿದ್ದರು.

ಸಮರ್ಥನಿಗೆ ಮೊದಮೊದಲು ಇದು ಬರಲೇ ಇಲ್ಲ. ನನ್ನ ತವರು ಕಾರವಾರದ ಮೀನುಗಾರರ ಮನೆ. ಬುಟ್ಟಿಯಿಂದ ಜಾರಿದ ಬಂಗಡೆ ಮೀನು ಮರಳಿಗೆ ಬೀಳುವ ಮೊದಲೇ ಕೈಯಲ್ಲಿರಬೇಕು, ಇಲ್ಲವಾದರೆ ನನ್ನ ಅಮ್ಮನ ಬೈಗುಳ. ರಜೆಗೆ ಹೋಗಿ ಹೋಗಿ ಅವನೂ ಅದನ್ನೇ ಕಲಿತಿದ್ದ. ಒಂದು ಶನಿವಾರ ಕರೆತರಲು ಹೋದಾಗ ನೋಡಿದೆ: ಬೀಳುತ್ತಿದ್ದ ಪಟ್ಟಿಯನ್ನು ಗಪ್ಪನೆ ಹಿಡಿದು ಜಂಬದಿಂದ ನಿಂತಿದ್ದಾನೆ.

"ಅಕ್ಕೋರೆ, ನೀವು ಕಲ್ಸಿದ್ದಾ ಇದು?" ಮಾಸ್ತರು ನನ್ನನ್ನು ಕೇಳಿದರು.

"ಅವ್ನ ಅಜ್ಜಿ ಕಲ್ಸಿದ್ದು."

"ಅಜ್ಜಿ ಹತ್ರ ನಾ ಜಗಳ ಆಡೂಕಾಗ. ತಮಾ, ಬಂಗ್ಡೆ ಆದ್ರೆ ಹಿಡಿ, ಚೂರಿ ಆದ್ರೆ ಬಿಡು. ಎಂತ ಹೇಳು?"

ಮಕ್ಕಳೆಲ್ಲ ನಗುತ್ತ ಅದನ್ನೇ ರಾಗ ಎಳೆದು ಹೇಳಿದರು.

ಶೆಟಗೇರಿಯಲ್ಲಿ ಸ್ಕೌಟ್ ಶಿಬಿರವಾಗುವ ಹೊತ್ತಿಗೆ ಅವನೂ ಪಟ್ಟಿ ಬಿಡಲು ಕಲಿತು ಚೂರಿ ಪಡೆದಿದ್ದ; ಅಡುಗೆಗೆ ನೆರವಾಗಲು ನಾನೂ ಹೋಗಿದ್ದೆ. ಡೇರೆಗೆಂದು ಬಿದಿರಿನ ಗೂಟ ಚೂಪು ಮಾಡಿದ ಸಮರ್ಥ, ಅದನ್ನು ನನಗೆ ತೋರಿಸಲು ಎದ್ದು ನಿಂತ. ಇನ್ನೊಂದು ಕೈಯಲ್ಲಿದ್ದ ಚೂರಿ ಜಾರಿತು. ಅದರ ಹಿಂದೆಯೇ ಕೈ ಹೋಯಿತು. ಅಲಗಿನ ಕಡೆಗೆ ಬಿಚ್ಚಿಕೊಂಡ ಆ ಬೆರಳುಗಳು, ನಾನು ಕಾಲೇಜಿನಲ್ಲಿ ಪಾಠ ಮಾಡುವಾಗಲೂ ಬಸ್ಸಿನಲ್ಲಿ ಕೂತಾಗಲೂ ಈಗಲೂ ಕಣ್ಣೆದುರು ಬರುತ್ತವೆ.

ಅರ್ಧಕ್ಕೆ ಹೋದ ಕೈ ತಟ್ಟನೆ ಮೇಲಕ್ಕೆ ಹಾರಿತು. ಕಾಲು ಹಿಂದೆ ಸರಿಯಿತು. ಪಾದವಿದ್ದ ಜಾಗದಲ್ಲಿ ಚೂರಿ ಮಣ್ಣಿಗೆ ನಾಟಿ ನಿಂತಿತು. "ಬಂಗ್ಡೆ ಅಲ್ಲ" ಎಂದ ಅವನು, ಸಣ್ಣ ದನಿಯಲ್ಲಿ.

ನಾನು ಅವನನ್ನು ಎಳೆದುಕೊಂಡೆ. "ಸಾಕು ಮಾಸ್ತರೆ. ಇನ್ನಿವ್ನು ಚೂರಿ ಮುಟ್ಟೂದು ಬೇಡ."

ಅವರು ಚೂರಿ ಕಿತ್ತು, ಮಣ್ಣು ಒರೆಸಿ, ಅವನೆದುರು ಹಲಗೆಯ ಮೇಲಿಟ್ಟರು. "ಇವತ್ತೇ ಹಿಡೀಲಿ ಅಕ್ಕೋರೆ. ಒಂದು ರಾತ್ರಿ ಕಳೀತು ಅಂದ್ರೆ ಅವ್ನ ಕಣ್ಣಿಗೆ ಇದೇ ಚೂರಿ ತಲವಾರ ಆಗ್ತದೆ."

ಅವನು ಹಿಡಿದ. ಮತ್ತೊಂದು ಗೂಟ ಮುಗಿಯುವವರೆಗೂ ಮಾಸ್ತರು ಎದುರಿನಿಂದ ಏಳಲಿಲ್ಲ.

ಈ ಸಲ ಮಳೆಗಾಲಕ್ಕೆ ಮುಂಚೆ ಅವರು ಎದೆನೋವಿನಿಂದ ತೀರಿಕೊಂಡರು. ಫೋನು ಬಂದಾಗ ಸಮರ್ಥ ಅಡುಗೆಮನೆಯಲ್ಲಿ ಮಾವಿನಕಾಯಿ ಹೆಚ್ಚುತ್ತಿದ್ದ. ಸುದ್ದಿ ಹೇಳಿದೆ. ಅಲಗು ಗೋಡೆಯ ಕಡೆಗಿರುವಂತೆ ಚೂರಿಯನ್ನು ಮಣೆಯ ಮೇಲಿಟ್ಟ. ಆಮೇಲೆ ಅತ್ತ. ಕಣ್ಣೊರೆಸಿಕೊಳ್ಳಲು ಹೋದ ಅವನ ಕೈಯನ್ನು ಹಿಡಿದು ತಡೆದೆ. ಐದೂ ಬೆರಳಿಗೆ ಮಾವಿನ ಸೊನೆ ಹತ್ತಿತ್ತು.