ನೀರನ್ನೇ ನಂಬಿದ ಮಾಸ್ತರರು

ನೀವು ಖಂಡಿತ ನಂಬುವುದಿಲ್ಲ. ನಮ್ಮ ಫಿಜಿಕ್ಸ್ ಮಾಸ್ತರರು ಸ್ಕೂಟರಿನ ಹ್ಯಾಂಡಲ್ಲಿಗೆ ಅರ್ಧ ನೀರಿದ್ದ ಬಾಟಲಿ ಕಟ್ಟಿಕೊಂಡು, ರಸ್ತೆಗಿಂತ ಹೆಚ್ಚಾಗಿ ಅದನ್ನೇ ನೋಡುತ್ತ ಗಾಡಿ ಓಡಿಸುತ್ತಿದ್ದರು. ಶಿಗ್ಲಿಯಿಂದ ಲಕ್ಷ್ಮೇಶ್ವರದ ಕಾಲೇಜಿಗೆ ದಿನಾಲೂ ಅವರ ಹಿಂದೆ ಕುಳಿತು ಹೋಗಿ ಜೀವಂತ ಉಳಿದವನು ಇಡೀ ಜಿಲ್ಲೆಯಲ್ಲಿ ನಾನೊಬ್ಬನೇ.

ಗುರುಸಿದ್ಧಪ್ಪ ಮಾಸ್ತರರದು ನೇಕಾರರ ಮನೆತನ. ಅವರ ಅಂಗಿ ಇಸ್ತ್ರಿ ಕಂಡದ್ದು ಮದುವೆಯ ದಿನ ಮಾತ್ರ. ಸೀಮೆಸುಣ್ಣ ಹುಬ್ಬಿನ ಮೇಲೂ ಇರುತ್ತಿತ್ತು. ವೇಗವೋ ದಿಕ್ಕೋ ಬದಲಾಗುವ ವೇಗೋತ್ಕರ್ಷದ ಪಾಠಕ್ಕೆ ಮನೆಯಿಂದ ಬಕೆಟ್ ತಂದು, ನೀರು ತುಂಬಿ, ಹಗ್ಗಕ್ಕೆ ತೂಗುಹಾಕಿ ಗರಗರ ತಿರುಗಿಸಿದರು.

"ಬಕೀಟ ತಿರಗಾಕತ್ತೈತೋ, ನಾವೋ?"

ನಾನು ಬಿಡುತ್ತೇನೆಯೇ? "ಬಕೀಟ ನಿಂತೈತ್ರಿ ಸರ. ಲಕ್ಷ್ಮೇಶ್ವರ ಊರ ತಿರಗಾಕತ್ತೈತಿ."

"ಅಂಚಿಗೆ ಏರಿದ ನೀರ ನೋಡಲೇ, ಶಾಣ್ಯಾ! ಊರ ತಿರಗಿದ್ರ ಕೆರಿ ನೀರ ನಿಮ್ಮ ಮನಿ ಅಟ್ಟ ಹತ್ತತಿತ್ತು. ಬಸ್ಸಿನ್ಯಾಗ ಕುಂತವಗ ಗಿಡಾ ಓಡ್ತಾವು, ಗಿಡದ ಕೆಳಗ ನಿಂತವಗ ಬಸ್ ಓಡತೈತಿ. ವೇಗ ನೋಡೋರ ಮ್ಯಾಲೆ ಐತಿ. ವೇಗೋತ್ಕರ್ಷ ಹಂಗಲ್ಲ, ಯಾರನ್ನೂ ಕೇಳೂದು ಬ್ಯಾಡ. ನೀರ ಸುಳ್ಳ ಹೇಳಂಗಿಲ್ಲ."

ಕಳೆದ ವರ್ಷ ಅವರಿಗೆ ತಲೆ ತಿರುಗುವ ರೋಗ ಬಂತು. ಸುಮ್ಮನೆ ನಿಂತಲ್ಲೇ ಗೋಡೆಗಳು ಸುತ್ತುತ್ತಿದ್ದವಂತೆ. ಡಾಕ್ಟರು ಗಾಡಿ ಮುಟ್ಟಬೇಡಿ ಎಂದರು. ಬಸ್ ಹತ್ತಿದರೆ ವಾಂತಿ. ಬಾಟಲಿ ಕಟ್ಟಿದ್ದು ಆಗಲೇ.

"ತಲಿ ಸುಳ್ಳ ಹೇಳತೈತಿ. ನೀರ ಸಮ ಇದ್ರ ನಾ ನೆಟ್ಟಗ ಹೊಂಟೀನಿ ಅಂತ ತಿಳಕೊಳ್ಳೂದು. ನಿಮ್ಮಪ್ಪಗ ಹೇಳಬ್ಯಾಡಪಾ, ಗಾಡಿ ಬಿಡಸ್ತಾನ. ಪಾಠ ಬಿಟ್ಟು ಮನ್ಯಾಗ ಕುಂತ್ರ ನಾ ಸತ್ತಂಗ."

ಒಂದು ಮುಂಜಾನೆ ದಾರಿಯಲ್ಲಿ ಅವರ ತಲೆ ತಿರುಗಿತು; ಕಣ್ಣು ಬಾಟಲಿಗೆ ಹೋಯಿತು. ಸ್ಕೂಟರು ವಾಲಿಕೊಂಡು ಪಕ್ಕಕ್ಕೆ ತಿರುಗುತ್ತಿತ್ತು. ನೀರು ಮಾತ್ರ ಬಾಟಲಿಯ ತಳಕ್ಕೆ ಸಮನಾಗಿ, ಏನೂ ಆಗದಂತೆ ನಿಂತಿತ್ತು. ನಾನು ಕೂಗುವುದರೊಳಗೆ ಕಡಲೆ ಹೊಲದಲ್ಲಿದ್ದೆವು. ನನ್ನ ಮೊಣಕೈ ತರಚಿತ್ತು. ಅವರ ಹಣೆಯಿಂದ ರಕ್ತ ಇಳಿಯುತ್ತಿತ್ತು.

"ಸರ, ನೀರ ಸಮ ಇತ್ತಲ್ರಿ!"

ಅವರು ಮಣ್ಣಲ್ಲೇ ಕುಳಿತು ಬಾಟಲಿ ಬಿಚ್ಚಿ, ಒಮ್ಮೆ ವಾಲಿಸಿ ಒಮ್ಮೆ ತಿರುಗಿಸಿ ನೋಡಿದರು. "ಗಾಡಿ ವಾಲಿದ್ದಕ್ಕೂ ತಿರಗಿದ್ದಕ್ಕೂ ಲೆಕ್ಕ ಸರಿಹೋತು, ಅದಕ್ಕ ನೀರ ಸಮ ಕಂಡಿತು. ಭೂಮಿ ಎಳದದ್ದ್ಯಾವುದು, ತಿರುವು ಎಳದದ್ದ್ಯಾವುದು, ನೀರಿಗೆ ತಿಳಿಯಂಗಿಲ್ಲ. ಇಷ್ಟ ವರ್ಷ ಹುಡುಗರಿಗೆ ಅರ್ಧಾನ ಹೇಳೇನಲೇ. ಸೋಮವಾರ ಉಳಿದದ್ದ ಹೇಳಬೇಕು. ಅಲ್ಲೀತನಾ ಬಾಯಿ ಬಿಡಬ್ಯಾಡ."

ಬಾಯಿ ನನ್ನದು, ಮುಚ್ಚೀತೇ? ಸಂಜೆ ನಮ್ಮ ಪಡಸಾಲೆಯಲ್ಲಿ ಗೆಳೆಯರ ಮುಂದೆ ಆ ಸ್ಕೂಟರು ಮೂರು ಒಡ್ಡು ಹಾರಿತು, ಎಮ್ಮೆಯೊಂದು ಹೆದರಿ ಕೈಮುಗಿಯಿತು. ಎಲ್ಲರೂ ಹೊಟ್ಟೆ ಹಿಡಿದು ನಗುತ್ತಿದ್ದರು. "ಡಾಕ್ಟರ್ ಗಾಡಿ ಬ್ಯಾಡ ಅಂದಾರ, ಆದ್ರೂ ನಮ್ಮ ಸರ..." ಎನ್ನುವಷ್ಟರಲ್ಲಿ ನಗು ನಿಂತಿತು. ಬಾಗಿಲಲ್ಲಿ ಅಪ್ಪ.

"ಮುಂದ ಹೇಳಪಾ," ಎಂದ.

ನಾನು ಎಮ್ಮೆಯಿಂದ ಮತ್ತೊಮ್ಮೆ ಕೈಮುಗಿಸಿದೆ. ಅವನು ಚಪ್ಪಲಿ ಮೆಟ್ಟಿ ಮಾಸ್ತರರ ಮನೆಗೆ ನಡೆದ.

ಅಪ್ಪ ಹೇಳಿಕಳಿಸಿದ್ದಕ್ಕೆ ಸೋಮವಾರ ಮುಂಡರಗಿಯಿಂದ ಮಾಸ್ತರರ ಮಗಳು ಬಂದು, ತನ್ನ ಮನೆಗೆ ಕರೆದೊಯ್ಯಲು ಅವರನ್ನು ಕಾರಿನಲ್ಲಿ ಕೂರಿಸಿದಳು. ನಾನು ಕಿಟಕಿಯ ಹತ್ತಿರ ಹೋದೆ. ಕಾರು ಇನ್ನೂ ಶುರುವೇ ಆಗಿರಲಿಲ್ಲ. ಮಾಸ್ತರರು ಕಣ್ಣು ಮುಚ್ಚಿ, ಮುಂದಿನ ಸೀಟನ್ನು ಎರಡೂ ಕೈಗಳಿಂದ ಬಿಗಿಯಾಗಿ ಹಿಡಿದುಕೊಂಡಿದ್ದರು.